ನಾಬೋತನ ತೋಟವೂ ಬಡವರ ಭೂಮಿಯೂ

ಸತ್ಯವೇದದ ಪಾಠದಲ್ಲಿ ಕೇಳಿದ ನಾಬೋತನ ದ್ರಾಕ್ಷೇತೋಟದ ವೃತ್ತಾಂತವನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರು ಮರೆತಿರಲಾರರು. ಅಹಾಬನು ಬಯಸಿದ ಆ ತೋಟವು ಪತ್ರದ ಮೂಲಕ ಅವನ ವಶವಾಯಿತು. ಈಜೆಬೆಲಳು ಅರಸನ ಹೆಸರಿನಲ್ಲಿ ಪತ್ರ ಬರೆದು, ಅವನ ಮುದ್ರೆಯನ್ನೊತ್ತಿ, ಸುಳ್ಳುಸಾಕ್ಷಿಗಳನ್ನು ನಿಲ್ಲಿಸಿ ನಾಬೋತನನ್ನು ಕೊಲ್ಲಿಸಿದಳು. ಅಕ್ಷರವು ಅನ್ಯಾಯದ ಕೈಗೆ ಸಿಕ್ಕಿದರೆ ಏನಾಗುವುದೆಂಬುದಕ್ಕೆ ಇದು ಬಹು ಪುರಾತನವಾದ ನಿದರ್ಶನವು.

ಇಂಥದೇ ಅನ್ಯಾಯವನ್ನು ದಕ್ಷಿಣ ಅಮೇರಿಕೆಯ ಬ್ರೆಜಿಲ್ ದೇಶದ ಬಡವರು ಬಹುಕಾಲದಿಂದ ಅನುಭವಿಸುತ್ತಾ ಬಂದಿದ್ದಾರೆ. ಅಲ್ಲಿ ಕೆಲವೇ ಜಮೀನುದಾರರು ಅಪಾರ ಭೂಮಿಯನ್ನು ಹೊಂದಿರಲು, ಅಸಂಖ್ಯಾತ ಕುಟುಂಬಗಳಿಗೆ ಗೇಣು ನೆಲವೂ ಇಲ್ಲ. ಸರಕಾರದ ಭೂಮಿಯನ್ನೂ ಬಡವರು ಉತ್ತ ನೆಲವನ್ನೂ ಕಬಳಿಸುವವರು ಸುಳ್ಳು ಕ್ರಯಪತ್ರಗಳನ್ನು ಬರೆಯಿಸಿ, ಜೀರುಂಡೆಗಳೊಂದಿಗೆ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಿದ್ದರಂತೆ. ಹುಳು ಕಚ್ಚಿ ಹಳದಿಯಾದ ಆ ಕಾಗದವು ಅಜ್ಜನ ಕಾಲದ ದಾಖಲೆಯಂತೆ ತೋರುತ್ತಿತ್ತು. ಈ ಮೋಸಕ್ಕೆ ಅಲ್ಲಿಯ ಭಾಷೆಯಲ್ಲಿ ಜೀರುಂಡೆಯ ಹೆಸರಿನಿಂದಲೇ ಹುಟ್ಟಿದ ‘ಗ್ರಿಲಾಜೆಂ’ ಎಂಬ ಮಾತುಂಟು.

ಸಭೆಯು ಸದಾ ಬಡವರ ಪಕ್ಷದಲ್ಲಿಯೇ ನಿಂತಿತೆಂದು ನಾವು ಹೇಳಲಾರೆವು. 1964ರಲ್ಲಿ ಅಲ್ಲಿ ಸೈನ್ಯವು ಅಧಿಕಾರವನ್ನು ಹಿಡಿದಾಗ ಅನೇಕ ಬಿಷಪರು ಅದನ್ನು ಸ್ವಾಗತಿಸಿದರು. ಆದರೆ ಬಡವರ ಗೋಳು ಕಿವಿಗೆ ಬೀಳುತ್ತಾ ಬಂದಂತೆ ಮನಸ್ಸು ತಿರುಗಿತು. 1975ರಲ್ಲಿ ಗೊಯಾನಿಯಾ ಪಟ್ಟಣದಲ್ಲಿ ಕೂಡಿದ ಕಥೋಲಿಕ ಬಿಷಪರು ಭೂಮಿಯ ವಿಷಯವಾಗಿ ಒಂದು ಸಭಾಪಾಲನಾ ಆಯೋಗವನ್ನು ಸ್ಥಾಪಿಸಿದರು. ಲೂಥರನ್ ಸಭೆಯವರೂ ಅದರಲ್ಲಿ ಪಾಲುಗೊಂಡರು. ಅದು ಬಡವರಿಗೆ ಕಾನೂನನ್ನು ತಿಳಿಸಿತು, ವಕೀಲರನ್ನು ಒದಗಿಸಿತು. 1985ರಿಂದ ಭೂವ್ಯಾಜ್ಯಗಳನ್ನೂ ಕೊಲೆಗಳನ್ನೂ ವರ್ಷಂಪ್ರತಿ ಬರೆದು ಪ್ರಕಟಿಸತೊಡಗಿತು. ಸುಳ್ಳುಪತ್ರಕ್ಕೆ ಸತ್ಯವಾದ ದಾಖಲೆಯೇ ಉತ್ತರವಾಯಿತು. ಭೂಮಿಯು ಸಮಾಜದ ಹಿತಕ್ಕೂ ಒದಗಬೇಕೆಂದು 1988ರ ರಾಜ್ಯಾಂಗವು ವಿಧಿಸಿತು.

ಆದರೂ ರಕ್ತವು ಹರಿಯದೆ ಇರಲಿಲ್ಲ. 1996ರ ಏಪ್ರಿಲ್ 17ರಂದು ಪಾರಾ ಪ್ರಾಂತದ ಎಲ್ದೊರಾದೊ ದೊಸ್ ಕರಜಾಸ್ ಎಂಬಲ್ಲಿ, ಭೂಮಿಯನ್ನು ಕೇಳಿ ಮೆರವಣಿಗೆ ಹೊರಟಿದ್ದವರಲ್ಲಿ 19 ಮಂದಿ ಪೋಲೀಸರಿಂದ ಹತರಾದರು. ಅದೇ ಪ್ರಾಂತದ ಅನಾಪುವಿನಲ್ಲಿ ಸಿಸ್ಟರ್ ಡೊರೊಥಿ ಸ್ಟ್ಯಾಂಗ್ ಎಂಬ ಸನ್ಯಾಸಿನಿಯು ರೈತರಿಗಾಗಿ ಶಾಲೆಗಳನ್ನು ಕಟ್ಟಲು ನೆರವಾಗಿ, ಅವರ ಭೂಮಿಯ ಹಕ್ಕಿಗಾಗಿ ಕಚೇರಿಗಳಿಗೆ ಅಲೆಯುತ್ತಿದ್ದರು. ಅವರೂ ನಮ್ಮಂತೆ ಉಪಾಧ್ಯಾಯಿನಿಯೇ. 2005ರ ಫೆಬ್ರವರಿ 12ರಂದು, 73ನೆಯ ವಯಸ್ಸಿನಲ್ಲಿ, ಕಾಡಿನ ದಾರಿಯಲ್ಲಿ ಕೊಲೆಗಾರರು ಅಡ್ಡಗಟ್ಟಿದಾಗ ಅವರು ಸತ್ಯವೇದವನ್ನು ತೆರೆದು ಧನ್ಯವಾಕ್ಯಗಳನ್ನು ಓದಿದರೆಂದು ತಿಳಿದುಬಂದಿದೆ. ಗುಂಡು ಹಾರಿಸಿದವರಿಗಲ್ಲದೆ, ಕೊಲ್ಲಿಸಿದ ಇಬ್ಬರು ಜಮೀನುದಾರರಿಗೂ ಶಿಕ್ಷೆಯಾಯಿತು.

ದೂರದೇಶದ ಈ ಸಂಗತಿಯು ನಮಗೇಕೆಂದು ಕೇಳುವಿರೋ? ಎಲೀಯನು ದ್ರಾಕ್ಷೇತೋಟಕ್ಕೆ ಬಂದು ಅರಸನನ್ನು ಪ್ರಶ್ನಿಸಿದನು ಸರಿ. ಆದರೆ ಅಷ್ಟರಲ್ಲಿ ನಾಬೋತನು ಸತ್ತಿದ್ದನು. ನಾವು ಅದಕ್ಕೆ ಮುಂಚೆಯೇ ಬರಬೇಕು. ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಹೊಲದ ಕೂಲಿಯವನಾಗಲಿ ಮನೆಯ ಕೆಲಸದಾಕೆಯಾಗಲಿ ಒಂದು ಕಾಗದವನ್ನು ಹಿಡಿದು ನಿಮ್ಮ ಬಾಗಿಲಿಗೆ ಬಂದರೆ, ಅವರು ಹೆಬ್ಬೆಟ್ಟನ್ನು ಒತ್ತುವ ಮೊದಲು ಅದನ್ನು ಪೂರ್ತಿಯಾಗಿ ಓದಿ ತಿಳಿಸಿರಿ. ಆ ಕಾಗದವು ನಿಮ್ಮ ಮನೆಯವರೇ ಬರೆಸಿದ್ದಾದರೂ ಹಾಗೆಯೇ ಮಾಡಿರಿ. ಈ ಶಾಲೆಯಲ್ಲಿ ನಿಮಗೆ ಅಕ್ಷರವನ್ನು ಕಲಿಸಿದ್ದು ಇದಕ್ಕಾಗಿಯೂ ಹೌದು.