ಗೋಕಾಕದಿಂದ ಅಮೆರಿಕಕ್ಕೆ ಎಷ್ಟು ಸ್ಟಾಪು?

ನಾನ್‌ಸ್ಟಾಪ್ ವಿಮಾನಕ್ಕೆ ಹೆಚ್ಚಿನ ದುಡ್ಡು ಸುರಿಯುವ ಮೊದಲು ಮನೆ ಬಾಗಿಲಿನಿಂದಲೇ ಲೆಕ್ಕ ಹಿಡಿಯಿರಿ

ಗೋಕಾಕ: ಪರದೇಶದ ಪಯಣ ಈಗ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ದೊಡ್ಡವರ ಮನೆಯ ಮಾತಾಗಿ ಉಳಿದಿಲ್ಲ. ಕಿರಾಣಿ ಅಂಗಡಿಯವರ ಮಗ ಕಂಪ್ಯೂಟರ್ ಕಲಿತು ಅಮೆರಿಕದಲ್ಲಿದ್ದಾನೆ. ಮಾಸ್ತರರ ಮಗಳು ಲಂಡನ್ನಿನಲ್ಲಿದ್ದಾಳೆ. ಅಲ್ಲಿ ಮಗಳು ಬಸುರಿಯಾದರೆ ಇಲ್ಲಿಂದ ತಾಯಿ ಬಾಣಂತನಕ್ಕೆ ಹೊರಡಲೇಬೇಕು. ವೀಸಾ ಸಿಕ್ಕಿತು, ಪೆಟ್ಟಿಗೆ ತಂದದ್ದಾಯಿತು. ಆಮೇಲೆ ಮನೆಯಲ್ಲಿ ವಾದ ಶುರು. "ನಾನ್‌ಸ್ಟಾಪ್ ತಗೊಳ್ಳೋದೋ, ದುಬೈ ಮ್ಯಾಲೆ ಹಾಸಿ ಹೋಗೋದೋ?"

ಮಗ ಫೋನಿನಲ್ಲಿ ನಾನ್‌ಸ್ಟಾಪ್ ಎನ್ನುತ್ತಾನೆ. ಅಪ್ಪ ದರ ಕೇಳಿ ಹೌಹಾರುತ್ತಾನೆ. ಅವ್ವ ಮಾತ್ರ ಏನೂ ಹೇಳುವುದಿಲ್ಲ. ಹಾರಬೇಕಾದವಳು ಅವಳೇ!

ಈ ವಾದದಲ್ಲಿ ಇಬ್ಬರೂ ಸರಿ, ಇಬ್ಬರೂ ತಪ್ಪು. ಯಾಕೆಂದರೆ ಇಬ್ಬರೂ ಲೆಕ್ಕವನ್ನು ಬೆಂಗಳೂರಿನಿಂದ ಶುರು ಮಾಡುತ್ತಾರೆ. ಪಯಣ ಶುರುವಾಗುವುದು ಗೋಕಾಕದ ಬಸ್ ಸ್ಟ್ಯಾಂಡಿನಿಂದ.

ಬೋರ್ಡು ಒಂದು, ಓಟ ಇನ್ನೊಂದು

ಮೊದಲು ಮಾತಿನ ಗೊಂದಲ ಬಿಡಿಸೋಣ. ಬಸ್ಸಿನಲ್ಲಿ ಓಡಾಡುವವರಿಗೆ ಇದು ಬೇಗ ತಿಳಿಯುತ್ತದೆ. 'ತಡೆರಹಿತ' ಎಂದು ಬೋರ್ಡು ಹಾಕಿಕೊಂಡ ಬಸ್ಸು ಯಮಕನಮರಡಿಯಲ್ಲಿ ಕೈ ತೋರಿಸಿದವರಿಗೆ ನಿಂತರೆ ಅದು ತಡೆರಹಿತ ಹೌದೋ ಅಲ್ಲವೋ? ವಿಮಾನದಲ್ಲೂ ಹಾಗೇ. 'ನಾನ್‌ಸ್ಟಾಪ್' ಎಂದರೆ ಎಲ್ಲಿಯೂ ಇಳಿಯದ ವಿಮಾನ. 'ಡೈರೆಕ್ಟ್' ಎಂದರೆ ನಡುವೆ ಇಳಿಯಬಹುದು, ಆದರೆ ವಿಮಾನದ ನಂಬರು ಬದಲಾಗುವುದಿಲ್ಲ. 'ಒನ್‌ಸ್ಟಾಪ್' ಎಂದರೆ ಸಾಮಾನ್ಯವಾಗಿ ನಡುವೆ ಇಳಿದು ಬೇರೆ ವಿಮಾನ ಹತ್ತುವುದು. ಏಜೆಂಟ್ 'ಡೈರೆಕ್ಟ್ ಐತ್ರೀ' ಎಂದರೆ ಅಷ್ಟಕ್ಕೇ ಖುಷಿಯಾಗಬೇಡಿ. ಎಲ್ಲಾದರೂ ಇಳಿಯುತ್ತದೋ, ಇಳಿದರೆ ಎಷ್ಟು ತಾಸು ಎಂದು ಬಾಯಿಬಿಟ್ಟು ಕೇಳಿ.

ಮೊದಲು ಎಲ್ಲ ವಿಮಾನಗಳೂ ನಿಂತು ನಿಂತೇ ಹೋಗುತ್ತಿದ್ದವು. 1948ರ ಜೂನ್ 8ರಂದು ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಕೈರೋ, ಜಿನೀವಾಗಳಲ್ಲಿ ಇಳಿದೇ ಮುಂದೆ ಹೋಯಿತು. ಆಗಿನ ವಿಮಾನದ ಟ್ಯಾಂಕಿಗೆ ಅಷ್ಟೇ ದಮ್ಮು. ಅಲ್ಲಿಂದ ಎಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನಡುವೆ ಎಲ್ಲೂ ಇಳಿಯದ ವಿಮಾನ ಹಾರಿಸಿತು. ಹದಿನಾಲ್ಕು ಸಾವಿರ ಕಿಲೋಮೀಟರಿನ ಹತ್ತಿರದ ದಾರಿ. ಸುಮಾರು 17 ತಾಸು. ಆ ಮೊದಲ ಹಾರಾಟದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಣ್ಣುಮಕ್ಕಳು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು. ಉತ್ತರ ಧ್ರುವದ ಮೇಲಿನಿಂದ ಬಂದು ಕನ್ನಡ ನೆಲಕ್ಕೆ ಇಳಿಸಿದರು!

ದರ ಯಾಕೆ ಜಾಸ್ತಿ?

"ನಡುವೆ ಇಳಿಯೋದಿಲ್ಲ ಅಂದಮ್ಯಾಲೆ ಖರ್ಚು ಕಡಿಮೆ ಆಗಬೇಕಲ್ರಿ?" ಪೇಟೆಯ ವ್ಯಾಪಾರಿಗೆ ಬರುವ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಉತ್ತರ ಎಣ್ಣೆಯಲ್ಲಿದೆ.

ಹದಿನೇಳು ತಾಸು ಹಾರಬೇಕಾದರೆ ಕೊನೆಯ ತಾಸಿನ ಎಣ್ಣೆಯನ್ನೂ ಮೊದಲ ತಾಸಿನಿಂದಲೇ ಹೊತ್ತುಕೊಂಡು ಹೋಗಬೇಕು. ಆ ಎಣ್ಣೆಯ ಭಾರ ಎಳೆಯಲಿಕ್ಕೆ ಮತ್ತಷ್ಟು ಎಣ್ಣೆ ಬೇಕು. ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರಿನ ಮೇಲೆ ಡೀಸೆಲ್ ಬ್ಯಾರಲ್ಲುಗಳನ್ನೂ ಹೇರಿಕೊಂಡು ಹೊರಟ ಹಾಗೆ! ಜಗತ್ತಿನ ಅತಿ ಉದ್ದದ ನಾನ್‌ಸ್ಟಾಪ್‌ಗಳಲ್ಲೊಂದು ಸಿಂಗಾಪುರ–ನ್ಯೂಯಾರ್ಕ್. 2018ರಲ್ಲಿ ಸಿಂಗಾಪುರ ಏರ್‌ಲೈನ್ಸ್ ಅದಕ್ಕೆ ಹಾಕಿದ ಏರ್‌ಬಸ್ ವಿಮಾನದ ಟ್ಯಾಂಕು ಹಿಡಿಯುವುದು 1,65,000 ಲೀಟರು. ಕೂಡ್ರಿಸುವುದು ಬರೀ 161 ಮಂದಿಯನ್ನು. ಅದರಲ್ಲಿ ಸಾದಾ ಇಕಾನಮಿ ಸೀಟೇ ಇಲ್ಲ. ಎಣ್ಣೆ ಹೆಚ್ಚು, ಮಂದಿ ಕಡಿಮೆ. ತಲೆಗೆ ಬೀಳುವ ಖರ್ಚು ಏರದೆ ಏನಾದೀತು?

ಇನ್ನು ಒನ್‌ಸ್ಟಾಪ್‌ನವರ ವ್ಯಾಪಾರ ಬೇರೆ. ದುಬೈ, ದೋಹಾ, ಅಬುಧಾಬಿಗಳಲ್ಲಿ ನಡೆಯುವುದು ನಮ್ಮ ಗೋಕಾಕ ಸ್ಟ್ಯಾಂಡಿನ ಲೆಕ್ಕವೇ. ಹತ್ತಾರು ಊರಿನ ಮಂದಿ ಬಂದು ಇಳಿಯುತ್ತಾರೆ, ಅಲ್ಲಿಂದ ತಮ್ಮ ತಮ್ಮ ದಿಕ್ಕಿನ ಬಸ್ಸು ಹತ್ತುತ್ತಾರೆ. ಬೆಂಗಳೂರಿನವರು, ಹೈದರಾಬಾದಿನವರು, ಕೊಚ್ಚಿಯವರು ಒಂದೇ ವಿಮಾನಕ್ಕೆ ಸೇರಿದರೆ ಸೀಟು ಖಾಲಿ ಹೋಗುವುದಿಲ್ಲ. ಅದೂ ಅಲ್ಲದೆ ಬೆಂಗಳೂರಿನಿಂದ ಅಮೆರಿಕಕ್ಕೆ ಒನ್‌ಸ್ಟಾಪ್ ಒಯ್ಯುವ ಕಂಪನಿಗಳು ಬಹಳ, ನಾನ್‌ಸ್ಟಾಪ್ ಒಯ್ಯುವವರು ಬೆರಳೆಣಿಕೆಯಷ್ಟೂ ಇಲ್ಲ. ಒಂದೇ ಅಂಗಡಿ ಇದ್ದ ಊರಿನಲ್ಲಿ ಚೌಕಾಶಿ ನಡೆಯುತ್ತದೆಯೇ?

ತಾಸಿಗೆ ಎಷ್ಟು ಬಿತ್ತು?

ಈಗ ಲೆಕ್ಕಕ್ಕೆ ಬರೋಣ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನಾನ್‌ಸ್ಟಾಪ್ ಆದರೆ ಸುಮಾರು 17 ತಾಸು. ದುಬೈ ಮೇಲೆ ಹೋದರೆ ದುಬೈವರೆಗೆ ಸುಮಾರು 4 ತಾಸು, ಅಲ್ಲಿ ಕಾಯುವುದು 3 ತಾಸು ಎಂದು ಹಿಡಿಯಿರಿ, ಮುಂದೆ ಸುಮಾರು 16 ತಾಸು. ಒಟ್ಟು 23. ವ್ಯತ್ಯಾಸ 6 ತಾಸು.

ಇದಕ್ಕೆ ನಮ್ಮೂರಿನ ಪಾಲು ಸೇರಿಸಿ. ಗೋಕಾಕದಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಮೇಲೆ. ರಾತ್ರಿ ಬಸ್ಸಾಗಲಿ, ಘಟಪ್ರಭಾ ಸ್ಟೇಷನ್ನಿನಲ್ಲಿ ಹತ್ತುವ ರಾಣಿ ಚೆನ್ನಮ್ಮ ರೈಲಾಗಲಿ, ಹೆಚ್ಚುಕಡಿಮೆ 12 ತಾಸು ಇಡಿ. ಮೂಡಲಗಿಯವರಾದರೆ ಗೋಕಾಕಕ್ಕೋ ಘಟಪ್ರಭಾಕ್ಕೋ ಬರುವುದು ಬೇರೆ. ಹುಕ್ಕೇರಿಯವರು ಸಂಕೇಶ್ವರಕ್ಕೋ ಬೆಳಗಾವಿಗೋ ಹೋಗಬೇಕು. ಬೆಂಗಳೂರಿನಲ್ಲಿ ಇಳಿದು, ಮೆಜೆಸ್ಟಿಕ್‌ನಿಂದ ವಾಯುವಜ್ರ ಹಿಡಿದು, ವಿಮಾನದ ಮುಂಚೆ ಕಾಯುವುದಕ್ಕೆ ಇನ್ನೊಂದು 6 ತಾಸು. ಹಾಗಾದರೆ ನಾನ್‌ಸ್ಟಾಪ್ ದಾರಿ 35 ತಾಸು, ಒನ್‌ಸ್ಟಾಪ್ ದಾರಿ 41. ಬೆಂಗಳೂರಿನವನಿಗೆ 17ಕ್ಕೆ 23 ದೊಡ್ಡ ವ್ಯತ್ಯಾಸ. ಗೋಕಾಕದವನಿಗೆ 35ಕ್ಕೆ 41 ಅಷ್ಟು ದೊಡ್ಡದಲ್ಲ.

ಟಿಕೆಟ್ ದರ ದಿನಕ್ಕೊಂದು ಬಣ್ಣ. ಉದಾಹರಣೆಗೆ ಮಾತ್ರ, ನಾನ್‌ಸ್ಟಾಪ್‌ಗೆ 24,000 ರೂಪಾಯಿ ಜಾಸ್ತಿ ಎಂದು ಹಿಡಿಯೋಣ. ಆರು ತಾಸು ಉಳಿಸಲಿಕ್ಕೆ ತಾಸಿಗೆ 4,000 ಬಿತ್ತು. ಗಂಡ ಹೆಂಡತಿ ಇಬ್ಬರೂ ಹೊರಟರೆ 48,000. ಇದನ್ನು ನಿಮ್ಮ ಅಂಗಡಿಯ ಗಲ್ಲೆಯ ಪಕ್ಕದಲ್ಲಿಟ್ಟು ನೋಡಿ. ಬಾಳೇಹಣ್ಣಿನ ವ್ಯಾಪಾರದಲ್ಲಿ ಮಾಡುವ ಲೆಕ್ಕವನ್ನು ವಿಮಾನದಲ್ಲಿ ಮಾತ್ರ ಯಾಕೆ ಮರೆಯಬೇಕು?

ಇನ್ನೊಂದು ಚಮತ್ಕಾರ ಕೇಳಿ. ವಾಪಸು ಬರುವಾಗ ನಾನ್‌ಸ್ಟಾಪ್ ವಿಮಾನ ನಸುಕಿನ 3ಕ್ಕೆ ಬೆಂಗಳೂರಿಗೆ ಇಳಿಸಿತೆನ್ನಿ. ಊರಿನ ಕಡೆಯ ಸ್ಲೀಪರ್ ಬಸ್ಸು ರಾತ್ರಿಗೆ. ರಾಣಿ ಚೆನ್ನಮ್ಮ ಕೂಡ ರಾತ್ರಿಗೆ. ಆಕಾಶದಲ್ಲಿ ಉಳಿಸಿದ ಆರು ತಾಸು ಮೆಜೆಸ್ಟಿಕ್ ಬೆಂಚಿನ ಮೇಲೆ ಕಳೆಯಿತು!

ಹಾಗಾದರೆ ನಾನ್‌ಸ್ಟಾಪ್ ಬೇಡವೇ?

ಬೇಡ ಎನ್ನುವಂತಿಲ್ಲ. ಕನ್ನಡ, ಮರಾಠಿ ಬಿಟ್ಟು ಬೇರೆ ಮಾತು ಬರದ, ಮೊಣಕಾಲು ನೋವಿನ, ಮೊದಲ ಸಲ ವಿಮಾನ ಹತ್ತುವ ತಾಯಿಗೆ ಪ್ರಶ್ನೆ ತಾಸಿನದ್ದಲ್ಲ. ದೊಡ್ಡ ನಿಲ್ದಾಣದಲ್ಲಿ ಇಳಿದು, ಮತ್ತೆ ತಪಾಸಣೆಗೆ ನಿಂತು, ಇಂಗ್ಲಿಷ್ ಬೋರ್ಡು ಓದಿ, ಗೇಟು ಹುಡುಕಬೇಕು. ಅದೊಂದು ಹೆಜ್ಜೆ ತಪ್ಪಿದರೆ ವಿಮಾನ ತಪ್ಪಿತು. ನಾನ್‌ಸ್ಟಾಪ್‌ನಲ್ಲಿ ಹತ್ತಿ ಕೂತರೆ ಮುಗಿಯಿತು, ಬಾಗಿಲು ತೆರೆದಾಗ ಮಗಳ ಊರು. ಆ ನೆಮ್ಮದಿಗೆ ಹೆಚ್ಚಿನ ದುಡ್ಡು ಕೊಟ್ಟರೆ ಅದು ದುಂದು ಅಲ್ಲ.

ಒನ್‌ಸ್ಟಾಪ್ ತಗೊಳ್ಳುವುದೇ ಆದರೆ ಟಿಕೆಟ್ ತೆಗೆಯುವಾಗಲೇ ವೀಲ್‌ಚೇರ್ ಬೇಕೆಂದು ಬರೆಸಿ, ತಡವೆಂದರೆ 48 ತಾಸು ಮೊದಲು. ವೀಲ್‌ಚೇರಿನವರೇ ಒಂದು ವಿಮಾನದಿಂದ ಇನ್ನೊಂದಕ್ಕೆ ಮುಟ್ಟಿಸುತ್ತಾರೆ. ಇದರಲ್ಲಿ ನಾಚಿಕೆ ಏನೂ ಇಲ್ಲ. ನಡುವಿನ ಕಾಯುವಿಕೆ ಒಂದೇ ತಾಸಿದ್ದರೆ ಬೇಡವೇ ಬೇಡ. ಮೂರು ತಾಸು ಹಿತ.

ಇನ್ನು ಕಾಲಿನ ಮಾತು. 17 ತಾಸು ಒಂದೇ ಕಡೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಉಂಟು. ತಾಸಿಗೋ ಎರಡು ತಾಸಿಗೋ ಒಮ್ಮೆ ಎದ್ದು ನಡೆದಾಡಬೇಕು, ನೀರು ಕುಡಿಯುತ್ತಿರಬೇಕು. ಹೃದಯದ ಬೇನೆ, ಹಿಂದೆ ಆಪರೇಶನ್ ಆದವರು ಡಾಕ್ಟರನ್ನು ಕೇಳಿಯೇ ಹೊರಡಬೇಕು. ನಡುವೆ ಇಳಿದು ನಡೆಯುವವರಿಗೆ ಅಷ್ಟಾದರೂ ಕಾಲು ಸಡಿಲಾಗುತ್ತದೆ, ಅದೊಂದು ಲಾಭ.

ಒಂದೇ ಟಿಕೆಟ್, ಒಂದೇ ನಂಬರು

ಹೆಚ್ಚು ಮಂದಿ ಏಟು ತಿನ್ನುವುದು ಇಲ್ಲಿ. ಸಾಂಬ್ರಾದಿಂದ ಬೆಂಗಳೂರಿಗೆ ಒಂದು ಟಿಕೆಟ್, ಬೆಂಗಳೂರಿನಿಂದ ಪರದೇಶಕ್ಕೆ ಬೇರೆ ಟಿಕೆಟ್ ತೆಗೆದರೆ ಅವು ಎರಡು ಬೇರೆ ಬೇರೆ ಪಯಣ. ಸಾಂಬ್ರಾದಲ್ಲಿ ಮಂಜು ಬಿದ್ದು ಮೊದಲನೆಯದು ತಡವಾಯಿತೆನ್ನಿ. ಎರಡನೆಯ ಕಂಪನಿಗೂ ಅದಕ್ಕೂ ಸಂಬಂಧವಿಲ್ಲ. ಟಿಕೆಟ್ ಮುಳುಗಿತು! ಎಲ್ಲವೂ ಒಂದೇ ಪಿಎನ್‌ಆರ್ ನಂಬರಿನಲ್ಲಿದ್ದರೆ ಮುಂದಿನ ವಿಮಾನದಲ್ಲಿ ಕಳಿಸುವ ಜವಾಬ್ದಾರಿ ಕಂಪನಿಯದು. ಬೇರೆ ಬೇರೆ ಟಿಕೆಟ್ಟೇ ಗತಿಯಾದರೆ ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳುವುದು ಜಾಣತನ.

ಪೆಟ್ಟಿಗೆಯದೂ ಅದೇ ಕಥೆ. ಒಳನಾಡು ವಿಮಾನದಲ್ಲಿ ಇಕಾನಮಿಯವರಿಗೆ ಸಾಮಾನ್ಯವಾಗಿ 15 ಕಿಲೋ ಪುಕ್ಕಟೆ. ಅಮೆರಿಕದ ಟಿಕೆಟಿನಲ್ಲಿ ಹಲವು ಕಡೆ 23 ಕಿಲೋದ ಎರಡು ಪೆಟ್ಟಿಗೆ. ಬೇರೆ ಟಿಕೆಟ್ ಹಿಡಿದು 46 ಕಿಲೋ ಹೊತ್ತು ಸಾಂಬ್ರಾಕ್ಕೆ ಹೋದರೆ ಮಿಕ್ಕ 31 ಕಿಲೋಗೆ ಅಲ್ಲಿಯೇ ದುಡ್ಡು ಎಣಿಸಬೇಕು. ಬಸ್ಸಿನ ಡಿಕ್ಕಿ ಎಷ್ಟೋ ಅಗ್ಗ! ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ಪರದೇಶದ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೋಗುತ್ತವೆ. ಒಳನಾಡಿನವು ಹಲವು ಒಂದನೆಯದಕ್ಕೆ ಬರುತ್ತವೆ. ಎಲ್ಲಿ ಇಳಿಯುವುದು, ಎಲ್ಲಿ ಹತ್ತುವುದು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ವೀಸಾ ಮಾತೂ ಬಿಡಬೇಡಿ. ಗಲ್ಫ್ ನಿಲ್ದಾಣಗಳಲ್ಲಿ ಒಳಗೇ ವಿಮಾನ ಬದಲಿಸುವವರಿಗೆ ವೀಸಾ ಬೇಕಿಲ್ಲ. ಆದರೆ ಕೆನಡಾಕ್ಕೆ ಹೋಗುವವರು ಅಮೆರಿಕದಲ್ಲಿ ಬರೀ ವಿಮಾನ ಬದಲಿಸಿದರೂ ಅಮೆರಿಕದ ವೀಸಾ ಬೇಕು. ಟಿಕೆಟ್ ಅಗ್ಗವೆಂದು ಕಣ್ಣು ಮುಚ್ಚಿ ತೆಗೆದರೆ ಬೆಂಗಳೂರಿನ ಕೌಂಟರಿನಲ್ಲೇ ತಡೆಯುತ್ತಾರೆ.

ಕರದಂಟಿಗೊಂದು ಎಚ್ಚರಿಕೆ

ಗೋಕಾಕದಿಂದ ಹೊರಟವರು ಕರದಂಟು ಇಲ್ಲದೆ ಹೊರಟಾರೆಯೇ? ಒಯ್ಯಿರಿ. ಆದರೆ ಕೆಲವರು ಕರದಂಟಿಗೆ ಗಸಗಸೆ ಹಾಕುತ್ತಾರೆ. ಬಾಣಂತಿಗೆಂದು ಮಸಾಲೆ ಸಾಮಾನಿನಲ್ಲೂ ಗಸಗಸೆ ಪೊಟ್ಟಣ ಇರುತ್ತದೆ. ಗಸಗಸೆ ಅಫೀಮಿನ ಗಿಡದ ಬೀಜ. ದುಬೈ, ಅಬುಧಾಬಿಗಳಿರುವ ಯುಎಇಯಲ್ಲಿ ಅದು ನಿಷೇಧಿತ ಸರಕು. ನಮ್ಮಲ್ಲಿ ಪಾಯಸಕ್ಕೆ ಬೀಳುವುದು ಅಲ್ಲಿ ಪೊಲೀಸ್ ಕೇಸಿಗೆ ಬೀಳುತ್ತದೆ! ಆ ದಾರಿಯಲ್ಲಿ ಹೋಗುವವರು ಗಸಗಸೆ ಇಲ್ಲದ ಕರದಂಟನ್ನೇ ಕಟ್ಟಿಸಿಕೊಳ್ಳಲಿ. ಯಾವ ದೇಶಕ್ಕೆ ಹೋದರೂ ತಿಂಡಿ ಇದೆಯೇ ಎಂದು ಕೇಳಿದ ಕಾಗದದಲ್ಲಿ 'ಇದೆ' ಎಂದೇ ಬರೆಯಬೇಕು. ಮುಚ್ಚಿಟ್ಟರೆ ದಂಡ.

ಯಾವುದಕ್ಕೂ ಗ್ಯಾರಂಟಿ ಇಲ್ಲ

ನಾನ್‌ಸ್ಟಾಪ್ ಎಂದು ಅಚ್ಚಾದ ಮಾತ್ರಕ್ಕೆ ಅದು ಶಿಲಾಶಾಸನವಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಅಮೆರಿಕಕ್ಕೆ ಹೊರಟ ಏರ್ ಇಂಡಿಯಾ ವಿಮಾನಗಳು ಸುತ್ತು ಹಾಕಿ, ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಳಿದು ಎಣ್ಣೆ ತುಂಬಿಸಿಕೊಳ್ಳಬೇಕಾಯಿತು. ನಾನ್‌ಸ್ಟಾಪ್ ಟಿಕೆಟ್ ತೆಗೆದವರಿಗೆ ಒನ್‌ಸ್ಟಾಪ್ ಪಯಣ! ಅದೇ ವರ್ಷ ಸೆಪ್ಟೆಂಬರ್ 1ರಿಂದ ದೆಹಲಿ–ವಾಷಿಂಗ್ಟನ್ ನಾನ್‌ಸ್ಟಾಪ್ ನಿಂತೇ ಹೋಯಿತು.

ಒನ್‌ಸ್ಟಾಪ್‌ಗೂ ಅದೇ ಹಣೆಬರಹ. 2024ರ ಏಪ್ರಿಲ್ 16ರಂದು ದುಬೈಯಲ್ಲಿ ಮಳೆ ಸುರಿದು ವಿಮಾನ ನಿಲ್ದಾಣವೇ ಕೆರೆಯಾಯಿತು. 2025ರ ಜೂನ್ 23ರ ರಾತ್ರಿ ಕತಾರ್ ತನ್ನ ಆಕಾಶ ಮುಚ್ಚಿದಾಗ ದೋಹಾ ದಾರಿಯವರು ನಡುವೆ ಸಿಕ್ಕಿಬಿದ್ದರು. ಅದಕ್ಕೇ ಎರಡು ದಿನದ ಗುಳಿಗೆ, ಔಷಧದ ಚೀಟಿ, ಒಂದು ಜೋಡಿ ಬಟ್ಟೆ, ಮಗಳ ಫೋನ್ ನಂಬರು ಬರೆದ ಕಾಗದ ಕೈಚೀಲದಲ್ಲೇ ಇರಲಿ.

ಹೊರಡುವವರು ಒಬ್ಬರೇ ಮುದುಕರಾದರೆ, ಭಾಷೆ ಬರದಿದ್ದರೆ, ನಾನ್‌ಸ್ಟಾಪ್ ಸಿಕ್ಕಿ ಕೈಗೂ ಎಟುಕಿದರೆ ಅದೇ ಇರಲಿ. ಜೊತೆಗೆ ತಿಳಿದವರು ಒಬ್ಬರಿದ್ದರೆ, ಕಾಲು ಗಟ್ಟಿ ಇದ್ದರೆ, ಒಂದೇ ನಂಬರಿನ ಒನ್‌ಸ್ಟಾಪ್ ತಗೊಂಡು ಉಳಿದ ದುಡ್ಡು ಮೊಮ್ಮಗುವಿನ ತೊಟ್ಟಿಲಿಗೆ ಹಾಕಿದರೂ ನಷ್ಟವಿಲ್ಲ. ಶಕ್ತಿ ಯೋಜನೆ ವಿಮಾನಕ್ಕೆ ಬರುವ ತನಕ ಈ ಲೆಕ್ಕ ನಾವೇ ಹಾಕಬೇಕು. ಹಾಕುವ ಮೊದಲು ಹೊರಡುವ ಅವ್ವನನ್ನೂ ಒಂದು ಮಾತು ಕೇಳಬೇಕು.