‘ದೆಮ್’ ಎಂಬ ಸರ್ವನಾಮದ ರಾಜಕಾರಣ: ಅಮೆರಿಕದ ಆರಂಭಿಕ ರಾಜ್ಯಾಂಗ ಪರಿಭಾಷೆಯ ಕೆಲವು ಪದಗಳು
ಅಮೆರಿಕದ ಆರಂಭಿಕ ಇತಿಹಾಸವನ್ನು ಬೋಧಿಸುವ ಪಠ್ಯಗಳು ಪಾರಿಭಾಷಿಕ ಪದಗಳನ್ನು ಸಾಮಾನ್ಯವಾಗಿ ಸ್ಥಿರಾರ್ಥವುಳ್ಳವೆಂದು ಗ್ರಹಿಸಿ ಪಟ್ಟಿಮಾಡುತ್ತವೆ. ಆದರೆ 1774ರಿಂದ 1789ರವರೆಗಿನ ಅವಧಿಯಲ್ಲಿ ಆ ಪದಗಳ ಅರ್ಥವೇ ವಿವಾದದ ವಸ್ತುವಾಗಿತ್ತು.

1776ರ ಸ್ವಾತಂತ್ರ್ಯ ಘೋಷಣೆಯು ವಸಾಹತುಗಳನ್ನು ‘ಸ್ಟೇಟ್’ಗಳೆಂದು ಸಾರುವ ವಾಕ್ಯದಲ್ಲಿಯೇ ಗ್ರೇಟ್ ಬ್ರಿಟನ್ನನ್ನೂ ‘ಸ್ಟೇಟ್’ ಎಂದು ಕರೆಯುತ್ತದೆ. ಅಂದರೆ ಅಲ್ಲಿ ಆ ಪದಕ್ಕೆ ಆಡಳಿತ ವಿಭಾಗವೆಂಬ ಅರ್ಥವಿಲ್ಲ. ಸಾರ್ವಭೌಮ ರಾಜಕೀಯ ಘಟಕವೆಂಬ ಅರ್ಥವಿದೆ. ‘ಕಾಂಗ್ರೆಸ್’ ಕೂಡ ಮೊದಲಿಗೆ ಶಾಸಕಾಂಗವಲ್ಲ, ಪ್ರತಿನಿಧಿಗಳು ಕಲೆತು ಸಮಾಲೋಚಿಸುವ ಸಭೆ.

‘ಫೆಡರಲ್’ ಪದದ ಚರಿತ್ರೆ ಇನ್ನೂ ಕುತೂಹಲಕರ. ಒಡಂಬಡಿಕೆ ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಈ ಪದವು 1787ರ ಫಿಲಡೆಲ್ಫಿಯಾ ಸಮಾವೇಶದಲ್ಲಿ ‘ನ್ಯಾಷನಲ್’ ಎಂಬುದಕ್ಕೆ ವಿರುದ್ಧಪದವಾಗಿ ಬಳಕೆಯಾಗಿತ್ತು. ಜೂನ್ 20ರಂದು ಆಲಿವರ್ ಎಲ್ಸ್‌ವರ್ತ್ ಸೂಚನೆಯ ಮೇರೆಗೆ ನಿರ್ಣಯದಲ್ಲಿದ್ದ ‘ನ್ಯಾಷನಲ್’ ವಿಶೇಷಣವನ್ನು ಕೈಬಿಡಲಾಯಿತು. ಅನಂತರ ಬಲಿಷ್ಠ ಕೇಂದ್ರದ ಪರವಾಗಿದ್ದವರೇ ‘ಫೆಡರಲಿಸ್ಟ್’ ಎಂಬ ಹೆಸರನ್ನು ಧರಿಸಿದರು. ಹಳೆಯ ಅರ್ಥದಲ್ಲಿ ನಿಜವಾದ ಫೆಡರಲಿಸ್ಟರಾಗಿದ್ದ ಎದುರಾಳಿಗಳಿಗೆ ‘ಆ್ಯಂಟಿ’ ಪೂರ್ವಪ್ರತ್ಯಯ ಉಳಿಯಿತು. ಅರ್ಥಪಲ್ಲಟವೆನ್ನುವುದಕ್ಕಿಂತ ಇದನ್ನು ಪದಾಪಹರಣವೆನ್ನುವುದೇ ಸರಿಯೆಂದು ನನಗೆ ತೋರುತ್ತದೆ. ‘ಫೆಡರಲಿಸ್ಟ್’ ಪ್ರಬಂಧಮಾಲೆಯ 39ನೆಯ ಲೇಖನದಲ್ಲಿ ಜೇಮ್ಸ್ ಮ್ಯಾಡಿಸನ್ ಹೊಸ ಸಂವಿಧಾನವನ್ನು ಪೂರ್ಣ ಫೆಡರಲ್ಲೂ ಅಲ್ಲದ, ಪೂರ್ಣ ನ್ಯಾಷನಲ್ಲೂ ಅಲ್ಲದ ಮಿಶ್ರಣವೆಂದು ವಿವರಿಸುವಾಗ ಹಳೆಯ ವೈದೃಶ್ಯ ಇನ್ನೂ ಜೀವಂತವಾಗಿತ್ತು.

‘ಯುನೈಟೆಡ್ ಸ್ಟೇಟ್ಸ್’ ಎಂಬ ಹೆಸರಿನ ವಚನದ ಪ್ರಶ್ನೆಯನ್ನು ಇದರ ಜೊತೆಗೇ ಓದಬೇಕು. ಸಂವಿಧಾನದ ಮೂರನೆಯ ಅನುಚ್ಛೇದವು ರಾಜದ್ರೋಹವನ್ನು ನಿರೂಪಿಸುವಾಗ ಈ ಹೆಸರನ್ನು ‘ದೆಮ್’ ಎಂಬ ಬಹುವಚನ ಸರ್ವನಾಮದಿಂದ ಪರಾಮರ್ಶಿಸುತ್ತದೆ. 1795ರಲ್ಲಿ ಅನುಮೋದನೆಗೊಂಡ ಹನ್ನೊಂದನೆಯ ತಿದ್ದುಪಡಿಯು ‘ಯುನೈಟೆಡ್ ಸ್ಟೇಟ್ಸ್‌ಗಳಲ್ಲಿ ಒಂದು’ ಎಂದು ಎಣಿಕೆಗೂ ಒಳಪಡಿಸುತ್ತದೆ. ಅಂತರ್ಯುದ್ಧವೇ ಈ ಹೆಸರನ್ನು ಏಕವಚನಗೊಳಿಸಿತೆಂಬ ಜನಪ್ರಿಯ ಹೇಳಿಕೆಯನ್ನು ಹಾಗೆಯೇ ಒಪ್ಪಲಾಗದು: ಯುದ್ಧ ಮುಗಿದ ಮೇಲೆ, 1865ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಹದಿಮೂರನೆಯ ತಿದ್ದುಪಡಿಯಲ್ಲಿಯೂ ಬಹುವಚನದ ‘ದೇರ್’ ಇದೆ. 1868ರ ಹದಿನಾಲ್ಕನೆಯ ತಿದ್ದುಪಡಿಯಲ್ಲಿ ಅದರ ಸ್ಥಾನಕ್ಕೆ ‘ದೇರಾಫ್’ ಬರುತ್ತದೆ. ಆದರೆ ಆ ರೂಪವು ವಚನವನ್ನು ಸೂಚಿಸುವುದೇ ಇಲ್ಲವಾದ್ದರಿಂದ ಅದನ್ನು ಏಕವಚನದ ಸಾಕ್ಷ್ಯವೆಂದು ಎಣಿಸುವುದು ತಪ್ಪು. ಇದು ಬರಿಯ ವ್ಯಾಕರಣದ ಸೂಕ್ಷ್ಮವಲ್ಲ. ಒಡಂಬಡಿಕೆಗೆ ಸೇರಿದ ಹಲವು ಸಾರ್ವಭೌಮರು ಅದರಿಂದ ಹೊರಬರಬಹುದೇ ಎಂಬುದೇ 1860–61ರ ಪ್ರಶ್ನೆಯಾಗಿತ್ತು. ಏಕಪಕ್ಷೀಯವಾಗಿ ಹೊರಬರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1869ರ ಟೆಕ್ಸಾಸ್ ಮತ್ತು ವೈಟ್ ಪ್ರಕರಣದಲ್ಲಿ ತೀರ್ಪಿತ್ತಿತು.

ಕನ್ನಡದಲ್ಲಿ ಈ ಭೇದಗಳು ಬೇರೆ ರೀತಿಯಲ್ಲಿ ಮಸುಕಾಗುತ್ತವೆ. ಫೆಡರೇಷನ್, ಕಾನ್ಫೆಡರೇಷನ್, ಯೂನಿಯನ್ ಮೂರಕ್ಕೂ ನಾವು ‘ಒಕ್ಕೂಟ’ ಎಂದುಬಿಡುತ್ತೇವೆ. ಹಾಲು ಉತ್ಪಾದಕರದ್ದೂ ಒಕ್ಕೂಟವೇ. ‘ಅಮೆರಿಕ ಸಂಯುಕ್ತ ಸಂಸ್ಥಾನ’ ಎಂಬಲ್ಲಿನ ‘ಸಂಸ್ಥಾನ’ ಮಾತ್ರ ಮೈಸೂರು ಸಂಸ್ಥಾನವನ್ನು ನೆನಪಿಸಿ, 1776ರ ‘ಸ್ಟೇಟ್’ಗೆ ಇಂದಿನ ‘ರಾಜ್ಯ’ಕ್ಕಿಂತ ಹತ್ತಿರದಲ್ಲಿದೆ. ಆದರೆ ನಪುಂಸಕಲಿಂಗದ ನಾಮಪದಗಳಲ್ಲಿ ಬಹುವಚನ ಪ್ರತ್ಯಯವು ಹಲವೆಡೆ ಐಚ್ಛಿಕವಾಗಿರುವುದರಿಂದ ಹೆಸರಿನಲ್ಲಿ ಅಡಗಿದ ಸಮಸ್ಯೆಯು ಸರ್ವನಾಮದಲ್ಲಿ ಹೊರಬೀಳುತ್ತದೆ: ‘ದೆಮ್’ ಬಂದಲ್ಲಿ ‘ಅದರ ವಿರುದ್ಧ’ ಎಂದು ಬರೆದ ಅನುವಾದಕರು ಅರಿಯದೆಯೇ ಒಂದು ಪಕ್ಷ ವಹಿಸಿರುತ್ತಾರೆ. ‘ಅವುಗಳ ವಿರುದ್ಧ’ ಎಂಬುದೇ ಮೂಲನಿಷ್ಠ. ‘ದೇರಾಫ್’ಗಾದರೋ ಕನ್ನಡ ಸರ್ವನಾಮಗಳಲ್ಲಿ ವಚನತಟಸ್ಥ ರೂಪವಿಲ್ಲ, ತತ್ಸಮ ಸಮಾಸದ ಪೂರ್ವಪದವಾದ ‘ತತ್’ನಲ್ಲಿ ಆ ಸೌಲಭ್ಯವಿದೆ. ಆದರೆ ‘ತದಧಿಕಾರವ್ಯಾಪ್ತಿ’ ಎಂದು ಬರೆದರೆ ತರಗತಿಯಲ್ಲಿ ಅದನ್ನು ಮತ್ತೆ ಬಿಡಿಸಿ ಹೇಳಬೇಕು, ಬಿಡಿಸುವಾಗ ‘ಅದರ’, ‘ಅವುಗಳ’ ಎರಡರಲ್ಲಿ ಒಂದನ್ನು ಆರಿಸಲೇಬೇಕು.