ಈ ವರ್ಷ ಆಡದವನಿಗೂ ಒಂದು ಜಾಗ

2022ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಐಪಿಎಲ್ ಹರಾಜು ನಡೆದಾಗ ಇಂಗ್ಲೆಂಡಿನ ವೇಗಿ ಜೋಫ್ರಾ ಆರ್ಚರ್ ಹೆಸರು ಬಂತು. ಗಾಯಗೊಂಡಿದ್ದ ಆರ್ಚರ್ ಆ ವರ್ಷ ಒಂದು ಪಂದ್ಯವನ್ನೂ ಆಡುವುದಿಲ್ಲ ಎಂಬುದು ಎಲ್ಲ ತಂಡಗಳಿಗೂ ಮೊದಲೇ ಗೊತ್ತಿತ್ತು. ಆದರೂ ಮುಂಬೈ ಇಂಡಿಯನ್ಸ್ 8 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಆಡದವನಿಗೆ ಯಾರಾದರೂ ಇಷ್ಟು ದುಡ್ಡು ಸುರಿಯುತ್ತಾರಾ ಎಂದು ಊರ ಕಟ್ಟೆಯ ಮೇಲೆ ನಗಾಡಿದವರೇ ಹೆಚ್ಚು.

ಅಮೆರಿಕದವರಿಗೆ ಈ ಲೆಕ್ಕಾಚಾರ ಹಳೆಯದು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲ್‌ನಲ್ಲಿ ಹೊಸ ಆಟಗಾರರಿಗೆ ಹರಾಜಿಲ್ಲ, ‘ಡ್ರಾಫ್ಟ್’ ಇದೆ. ಕಾಲೇಜಿನಿಂದ ಬರುವ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಹೆಚ್ಚುಕಡಿಮೆ ನಮ್ಮ ಕ್ಯಾಂಪಸ್ ಪ್ಲೇಸ್‌ಮೆಂಟ್ ಇದ್ದಂತೆ.

ಜೈಲನ್ ಸ್ಮಿತ್ ಎಂಬ ಆಟಗಾರ 2016ರಲ್ಲಿ ಮೊದಲ ಕೆಲವರಲ್ಲೇ ಆಯ್ಕೆಯಾಗುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆ ವರ್ಷದ ಜನವರಿ 1ರಂದು, ಕಾಲೇಜಿನ ಕೊನೆಯ ಪಂದ್ಯದಲ್ಲಿ, ಅವನ ಮೊಣಕಾಲಿನ ಲಿಗಮೆಂಟ್ ಹರಿಯಿತು. ನರಕ್ಕೂ ಪೆಟ್ಟಾಯಿತು. ಡ್ರಾಫ್ಟ್‌ನಲ್ಲಿ ತಂಡಗಳು ಒಂದೊಂದಾಗಿ ಅವನನ್ನು ದಾಟಿ ಹೋದವು. 34ನೆಯವನಾಗಿ ಆರಿಸಿಕೊಂಡಿದ್ದು ಡಲ್ಲಾಸ್ ಕೌಬಾಯ್ಸ್. ಅವನ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿದ್ದವರು ಇದೇ ತಂಡದ ವೈದ್ಯರು! ಸ್ಮಿತ್ 2016ರಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2017ರಲ್ಲಿ ಹದಿನಾರೂ ಪಂದ್ಯ ಆಡಿದ. 2019ರಲ್ಲಿ ಅಲ್ಲಿನ ಶ್ರೇಷ್ಠ ಆಟಗಾರರ ಪ್ರೊ ಬೌಲ್‌ಗೆ ಆಯ್ಕೆಯಾದ.

ಎಲ್ಲ ಕಥೆಯೂ ಹೀಗೆ ಮುಗಿಯುವುದಿಲ್ಲ. ಮೊಣಕಾಲಿಗೆ ತೀವ್ರ ಗಾಯವಾಗಿದ್ದ ಮಾರ್ಕಸ್ ಲ್ಯಾಟಿಮೋರ್‌ನನ್ನು 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಆರಿಸಿಕೊಂಡು ಕಾದಿತ್ತು. ಅವನು ಒಂದೂ ಪಂದ್ಯ ಆಡದೆ 2014ರಲ್ಲಿ ನಿವೃತ್ತನಾದ. ಆರ್ಚರ್ ಕೂಡ ಮುಂಬೈ ಪರ 2023ರಲ್ಲಿ ಐದೇ ಪಂದ್ಯ ಆಡಿ ಮತ್ತೆ ಗಾಯದಿಂದ ಮನೆಗೆ ಮರಳಿದರು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಬೆಂಗಳೂರಿನ ಪ್ರಸಿದ್ಧ ಕೃಷ್ಣ ಇದ್ದಾರೆ. 2018ರಲ್ಲಿ ಅವರಿಗೆ ಕೋಲ್ಕತ್ತ ನೈಟ್ ರೈಡರ್ಸ್ ತಂಡದ ಬಾಗಿಲು ತೆರೆದದ್ದೇ ಇನ್ನೊಬ್ಬರ ಗಾಯದಿಂದ. 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಮಿಂಚಿದ್ದ ಕಮಲೇಶ್ ನಾಗರಕೋಟಿಯನ್ನು ಆ ತಂಡ 3.2 ಕೋಟಿಗೆ ಕೊಂಡಿತ್ತು. ಅವರು ಗಾಯಗೊಂಡಾಗ ಬದಲಿಯಾಗಿ ಬಂದವರು ಪ್ರಸಿದ್ಧ. ಹಾಗೆಂದು ತಂಡ ನಾಗರಕೋಟಿಯನ್ನು ಕೈಬಿಡಲಿಲ್ಲ. ಎರಡು ವರ್ಷ ಆಡದಿದ್ದರೂ ಉಳಿಸಿಕೊಂಡು 2020ರಲ್ಲಿ ಕಣಕ್ಕಿಳಿಸಿತು.

ಮುಂದೆ ಪ್ರಸಿದ್ಧ ಅವರ ಸರದಿಯೂ ಬಂತು. 2022ರಲ್ಲಿ ರಾಜಸ್ಥಾನ ರಾಯಲ್ಸ್ ಅವರನ್ನು 10 ಕೋಟಿಗೆ ಕೊಂಡಿತ್ತು. ಬೆನ್ನೆಲುಬಿನ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ ಅವರು 2023ರ ಐಪಿಎಲ್ ಕಳೆದುಕೊಂಡರು. 2024ರದ್ದು ತೊಡೆಯ ಸ್ನಾಯುವಿನ ಶಸ್ತ್ರಚಿಕಿತ್ಸೆಯಿಂದ ಹೋಯಿತು. ಎರಡು ವರ್ಷ ಐಪಿಎಲ್‌ನಲ್ಲಿ ಒಂದು ಚೆಂಡನ್ನೂ ಎಸೆಯದ ಅವರನ್ನು ಗುಜರಾತ್ ಟೈಟನ್ಸ್ 9.5 ಕೋಟಿ ಕೊಟ್ಟು ಕರೆದುಕೊಂಡಿತು. 2025ರಲ್ಲಿ 15 ಪಂದ್ಯಗಳಲ್ಲಿ 25 ವಿಕೆಟ್ ಪಡೆದು ಅವರು ಪರ್ಪಲ್ ಕ್ಯಾಪ್ ಗೆದ್ದರು. ಕಾದವರು ಒಬ್ಬರು, ಫಲ ಉಂಡವರು ಇನ್ನೊಬ್ಬರು. ಕಾಯುವ ವ್ಯಾಪಾರದಲ್ಲಿ ಇದೂ ಉಂಟು.

ಹಾಗಾದರೆ ಯಾರು ಕಾಯಬಹುದು? ಕುಂದಗೋಳ ತಾಲ್ಲೂಕಿನ ಗುಡಗೇರಿ ನಮ್ಮೂರು. ಇಲ್ಲಿನ ಎರೆಹೊಲದ ರೈತರಿಗೆ ಈ ಪ್ರಶ್ನೆ ಹೊಸದಲ್ಲ. ದನದ ಸಂತೆಯ ಮಾತು ಬಂದಾಗ ಅಪ್ಪ ಹೇಳುವುದಿದೆ: “ನಾಳೆ ಬಿತ್ತಾಕ ಹೊಂಟಾಂವ ಸೊರಗಿದ ಹೋರಿ ತರಬಾರ್ದು. ಮನ್ಯಾಗ ಜೋಡೆತ್ತು ಇದ್ದಾಂವ ತರಬಹುದು. ಆದ್ರ ಕಾಲು, ಗೊರಸು ನೋಡಿ ತರಬೇಕು.” ಡಲ್ಲಾಸ್‌ನವರು ಮಾಡಿದ್ದೂ ಇಷ್ಟೇ. ಏನು ಮುರಿದಿದೆ, ಏನು ಗಟ್ಟಿ ಉಳಿದಿದೆ ಎಂದು ನೋಡಿದರು. ಒಂದು ವರ್ಷ ಕಾಯುವ ಶಕ್ತಿ ತಮಗಿದೆಯೇ ಎಂದು ಕೇಳಿಕೊಂಡರು. ಅದರಲ್ಲಿ ಕರುಣೆಗಿಂತ ಲೆಕ್ಕವೇ ಹೆಚ್ಚಿತ್ತು.

ನಾನು ದಿನಾ ಗುಡಗೇರಿಯಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಿಬರುವ ಮೆಕ್ಯಾನಿಕಲ್ ವಿದ್ಯಾರ್ಥಿ. ರೈಲು ಹಳಿಗಳನ್ನು ಆಗಾಗ ಅಲ್ಟ್ರಾಸಾನಿಕ್ ಯಂತ್ರದಿಂದ ಪರೀಕ್ಷಿಸುತ್ತಾರೆ. ದೋಷ ಕಂಡ ಕೂಡಲೇ ಪ್ರತಿಯೊಂದು ಹಳಿಯನ್ನೂ ಕಿತ್ತೊಗೆಯುವುದಿಲ್ಲ. ಬಿರುಕು ಎಲ್ಲಿದೆ, ಎಷ್ಟಿದೆ ಎಂದು ನೋಡಿ, ಕೆಲವನ್ನು ತಕ್ಷಣ ಬದಲಿಸುತ್ತಾರೆ, ಕೆಲವನ್ನು ಗುರುತು ಹಾಕಿ ಗಮನಿಸುತ್ತಾ ಇರುತ್ತಾರೆ. ಹಳಿಗೆ ಸಿಗುವ ಈ ಪರೀಕ್ಷೆ ಮನುಷ್ಯರಿಗೆ ಸಿಗುತ್ತದೆಯೇ?

ಈ ಪ್ರಶ್ನೆ ನನ್ನದೂ ಹೌದು. ಎರಡನೇ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿದ್ದಾಗ ಮಳೆಗೆ ನೆನೆದಿದ್ದ ಹೊಲದ ಬದುವಿನಲ್ಲಿ ಜಾರಿ ಬಿದ್ದು ಕಾಲಿನ ಎಲುಬು ಮುರಿಯಿತು. ಆ ಸಲ ಒಂದು ಪತ್ರಿಕೆಯನ್ನೂ ಬರೆಯಲಾಗಲಿಲ್ಲ. ಪ್ಲಾಸ್ಟರ್ ಕಾಲನ್ನು ಹೊರಸಿನ ಮೇಲೆ ಚಾಚಿಕೊಂಡೇ ಓದಿ, ಮುಂದೆ ಎಲ್ಲವನ್ನೂ ಪಾಸು ಮಾಡಿದೆ. ಈಗ ಐದನೇ ಸೆಮಿಸ್ಟರ್. ಮುಂದಿನ ವರ್ಷ ಪ್ಲೇಸ್‌ಮೆಂಟ್. ಈ ಸಲ ಸೀನಿಯರ್ ಒಬ್ಬರು ತುಂಬುತ್ತಿದ್ದ ಆನ್‌ಲೈನ್ ಅರ್ಜಿ ನೋಡಿದೆ. ‘ಈವರೆಗೆ ಯಾವುದಾದರೂ ವಿಷಯ ಬ್ಯಾಕ್‌ಲಾಗ್ ಆಗಿತ್ತೇ?’ ಎಂಬ ಪ್ರಶ್ನೆಗೆ ‘ಹೌದು’ ಒತ್ತಿದರೆ ಅರ್ಜಿ ಮುಂದಕ್ಕೇ ಹೋಗುವುದಿಲ್ಲ. ಕಾರಣ ಬರೆಯಲು ಜಾಗವಿಲ್ಲ.

ಸಾವಿರಾರು ಅರ್ಜಿಗಳನ್ನು ಒಬ್ಬೊಬ್ಬರಾಗಿ ಓದುವುದು ಕಷ್ಟ ಎಂಬುದು ನಿಜ. ನಾಳೆಯೇ ಕೆಲಸಕ್ಕೆ ಜನ ಬೇಕಾದ ಸಣ್ಣ ಕಂಪನಿಗೆ ಕಾಯುವ ಶಕ್ತಿ ಇರಲಿಕ್ಕಿಲ್ಲ. ಆದರೆ ತಿಂಗಳುಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕೆಲಸ ಹಚ್ಚುವ ದೊಡ್ಡ ಕಂಪನಿಗಳ ಮನೆಯಲ್ಲಿ ಜೋಡೆತ್ತು ಇವೆಯಲ್ಲ! ನಾವು ಈಗಾಗಲೇ ಗುಣವಾಗಿ, ಪಾಸಾಗಿ ಬಂದವರು. ನಮಗಾಗಿ ಒಂದು ವರ್ಷ ಕಾಯುವ ಅಗತ್ಯವೂ ಅವರಿಗಿಲ್ಲ.

ನನ್ನಂತೆ ಕಾಯಿಲೆ, ಅಪಘಾತ, ಮನೆಯ ತೊಂದರೆಯಿಂದ ಒಂದು ವರ್ಷವನ್ನೋ ಒಂದು ಸೆಮಿಸ್ಟರನ್ನೋ ಕಳೆದುಕೊಂಡವರು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರಿಗೆ ನನ್ನದೊಂದು ಮಾತು. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ಅಂಕಪಟ್ಟಿಯ ಜೊತೆಗೇ ಇಟ್ಟುಕೊಳ್ಳಿ. ಬಿದ್ದಿದ್ದು ಯಾವಾಗ, ಎದ್ದಿದ್ದು ಹೇಗೆ, ಆ ನಡುವೆ ಏನು ಕಲಿತಿರಿ ಎಂಬುದನ್ನು ರೆಸ್ಯೂಮೆಯಲ್ಲಿ ಎರಡು ಸಾಲು ಬರೆಯಿರಿ. ಸಂದರ್ಶನದಲ್ಲಿ ಕೇಳುವ ಮೊದಲೇ ಹೇಳಿ. ಪ್ಲೇಸ್‌ಮೆಂಟ್ ಅಧಿಕಾರಿಗಳಿಗೂ ಒಂದು ವಿನಂತಿ. ಕಂಪನಿಯವರ ಜೊತೆ ಮಾತನಾಡುವಾಗ ‘ಹೌದು’ ಎಂಬ ಉತ್ತರದ ಕೆಳಗೆ ಒಂದು ಖಾಲಿ ಸಾಲು ಬಿಡಲು ಹೇಳಿ. ‘ಯಾಕೆ?’ ಎಂದು ಕೇಳಿದರೆ ಸಾಕು, ಉಳಿದದ್ದನ್ನು ನಾವೇ ಹೇಳಿಕೊಳ್ಳುತ್ತೇವೆ.